ದೇವಿ ಹಾಕುವಿಕೆ: ಸಂಶಯವೂ ವಿಶ್ವಾಸವೂ

ಸಿಡುಬಿನ ಭಯವು ನಮ್ಮಲ್ಲಿ ಅನೇಕರಿಗೆ ಕೇಳಿ ತಿಳಿದ ಮಾತು. ಭಾರತದಲ್ಲಿ ಆ ರೋಗವು ಕಡೆಯ ಬಾರಿ ಕಾಣಿಸಿಕೊಂಡುದು 1975ರಲ್ಲಿ. ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಿದುದು 1980ರಲ್ಲಿ. ಆದುದರಿಂದಲೇ, ಅದನ್ನು ತಡೆಯುವ ಉಪಾಯವು ಮೊದಲು ಬಂದಾಗ ಹಿಂಜರಿದ ಹಿರಿಯರನ್ನು ಅಜ್ಞರೆನ್ನುವುದು ನಮಗೆ ಸುಲಭ. ಅದು ನ್ಯಾಯವೇ?

ಹಸುವಿನ ಸಿಡುಬಿನ ರಸವು ಮನುಷ್ಯನನ್ನು ಸಿಡುಬಿನಿಂದ ರಕ್ಷಿಸುವುದೆಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು 1796ರಲ್ಲಿ ಪರೀಕ್ಷಿಸಿ ನೋಡಿದನು. ಆ ರಸವು ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ 1802ರಲ್ಲಿ ಮುಂಬಯಿಯನ್ನು ಸೇರಿ, ಜೂನ್ 14ರಂದು ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಬಾಲಕಿಯ ತೋಳಿನಲ್ಲಿ ಫಲಿಸಿತು. ಬಿಸಿಲಿಗೆ ಬೇಗನೆ ಕೆಡುವ ಆ ರಸವನ್ನು ಉಳಿಸಿಕೊಳ್ಳಲು ಅಂದು ಇದ್ದ ದಾರಿ ಮುಖ್ಯವಾಗಿ ಒಂದೇ: ಒಂದು ಮಗುವಿನ ತೋಳಿನ ಗುಳ್ಳೆಯಿಂದ ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕುವುದು.

ಸಂಶಯಕ್ಕೆ ಮುಖ್ಯ ಕಾರಣವೂ ಅದೇ. ಯಾರ ಮಗುವೋ, ಯಾವ ಜಾತಿಯೋ, ಅದರ ಮೈಯಲ್ಲಿ ಇನ್ನಾವ ವ್ಯಾಧಿಯಿದೆಯೋ! ಜಾತಿಯ ಮಾತನ್ನು ನಾವು ಒಪ್ಪಲಾರೆವು. ಆದರೆ ವ್ಯಾಧಿಯ ಭಯವು ಹುಸಿಯಾಗಿರಲಿಲ್ಲ. 1861ರಲ್ಲಿ ಇಟಲಿಯ ರಿವಾಲ್ಟಾ ಎಂಬಲ್ಲಿ ಹೀಗೆ ರಸವನ್ನು ಹಾಕಿಸಿಕೊಂಡ ಅನೇಕ ಮಕ್ಕಳಿಗೆ ಪರಂಗಿ ರೋಗವು ತಗುಲಿತು. ಇದಲ್ಲದೆ, ಬಂಗಾಳ ಮೊದಲಾದೆಡೆಗಳಲ್ಲಿ ಟೀಕಾದಾರರು ಸಿಡುಬಿನದೇ ಕೀವನ್ನು ಹಾಕಿ, ಪಥ್ಯ ಪೂಜೆಗಳೊಡನೆ ಮಕ್ಕಳನ್ನು ಕಾಯುವ ಪದ್ಧತಿ ಮೊದಲೇ ಇದ್ದಿತು. ರೋಗವು ದೇವಿಯ ಬರವೆಂದು ನಂಬಿದ್ದ ಜನಕ್ಕೆ, ಪೂಜೆಯೂ ಪರಿಚಯವೂ ಇಲ್ಲದ ಸರಕಾರದ ಸೂಜಿಯು ಪರಕೀಯವಾಗಿ ತೋರಿದುದು ಸಹಜವೇ. ಕಡೆಗೆ ಕನ್ನಡಿಗರು ಆ ಸೂಜಿಯ ಕೆಲಸವನ್ನೇ ‘ದೇವಿ ಹಾಕುವುದು’ ಎಂದು ಕರೆದು ತಮ್ಮದಾಗಿಸಿಕೊಂಡರು.

ಮೈಸೂರಿನಲ್ಲಿ ಈ ಸಂಶಯವನ್ನು ಕಳೆಯಲು ನಡೆದ ಪ್ರಯತ್ನಕ್ಕೆ ಒಂದು ಚಿತ್ರವು ಸಾಕ್ಷಿಯೆನ್ನುತ್ತಾರೆ. 1805ರ ಸುಮಾರಿನ ಆ ವರ್ಣಚಿತ್ರವನ್ನು ಬರೆದವನು ಥಾಮಸ್ ಹಿಕಿಯೆಂದು ನಂಬಿಕೆ. ಅದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿದ್ದಾಳೆ. ಆಕೆಯು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರೆಂದೂ, ದೇವಿ ಹಾಕಿಸಿಕೊಂಡ ಜಾಗವನ್ನೇ ಅವರು ತೋರುತ್ತಿರುವರೆಂದೂ ಇತಿಹಾಸಜ್ಞ ನೈಜಲ್ ಚಾನ್ಸೆಲರರ ಅಭಿಪ್ರಾಯ. ಇದು ನಿಜವಾದರೆ, ಅಂತಃಪುರದ ಮರ್ಯಾದೆಯನ್ನು ಅಷ್ಟುಮಟ್ಟಿಗೆ ಸಡಿಲಿಸಿ ಆ ತೋಳು ಪ್ರಜೆಗಳಿಗೆ ಹೇಳಿದ ಮಾತು ಒಂದೇ: ‘ಇದನ್ನು ಮೊದಲು ನಾವು ಹಾಕಿಸಿಕೊಂಡಿದ್ದೇವೆ.’

ಆಜ್ಞೆಯು ಜನರನ್ನು ಸೂಜಿಯ ಮುಂದೆ ತಂದು ನಿಲ್ಲಿಸಬಲ್ಲದು. ತಾಯಿಯು ತಾನಾಗಿ ಮಗುವಿನ ತೋಳನ್ನು ನೀಡುವಂತೆ ಮಾಡಲಾರದು. ಅದಕ್ಕೆ ವಿಶ್ವಾಸವು ಬೇಕು. ಪ್ರಶ್ನೆಯನ್ನು ಹೀಗಳೆಯದೆ ಉತ್ತರಿಸುವುದರಿಂದಲೂ, ಹೇಳುವವರು ತಾವೇ ಮೊದಲು ಮಾಡಿ ತೋರುವುದರಿಂದಲೂ ಆ ವಿಶ್ವಾಸವು ಹುಟ್ಟುತ್ತದೆ.