ಸಿ ಡ್ರೈವ್ ಇದೆ, ಎ ಮತ್ತು ಬಿ ಎಲ್ಲಿ ಹೋದವು?

ಕಂಪ್ಯೂಟರ್ ಇರುವ ಯಾವ ಮನೆಯಲ್ಲಿ ನೋಡಿದರೂ ಸಿ ಡ್ರೈವ್ ಇರುತ್ತದೆ. ಹೆಚ್ಚಿನ ಕಡೆ ಡಿ ಕೂಡ ಇರುತ್ತದೆ. ಎ ಮತ್ತು ಬಿ ಮಾತ್ರ ಕಾಣುವುದಿಲ್ಲ. ಯಾಕೆ ಎಂದು ಕೇಳಿದರೆ ಕಂಪ್ಯೂಟರ್ ಕ್ಲಾಸ್ ಮುಗಿಸಿದ ಹುಡುಗರೂ ತಡವರಿಸುತ್ತಾರೆ.

ಇದು ಬರೀ ಅಕ್ಷರದ ಪ್ರಶ್ನೆಯಲ್ಲ. ಸುದ್ದಿಗೆಂದು ಓಡಾಡುವ ಊರುಗಳಲ್ಲಿ ನಾವು ಪದೇ ಪದೇ ಕೇಳುವ ಮಾತೊಂದಿದೆ: ‘ವಿಂಡೋಸ್ ಹಾಕ್ಸೋಕೆ ಕೊಟ್ವಿ, ಫೋಟೋ ಎಲ್ಲಾ ಹೋಯ್ತು.’ ಮದುವೆ ಫೋಟೋ, ಸಂಘದ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಹೀಗೆ ಹೋಗುವುದು ಹೇಗೆ? ಹೋಗದಂತೆ ನೋಡಿಕೊಳ್ಳುವುದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೀಜ ಮೊದಲೋ, ಮರ ಮೊದಲೋ?

ಕಂಪ್ಯೂಟರಿಗೆ ಕೆಲಸ ಹೇಳಿಕೊಡುವುದು ಆಪರೇಟಿಂಗ್ ಸಿಸ್ಟಮ್. ವಿಂಡೋಸ್, ಲಿನಕ್ಸ್ ಎಲ್ಲ ಅದೇ ಜಾತಿ. ಅದು ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಓದುವುದು ಹೇಗೆಂದು ಹೇಳಿಕೊಡಬೇಕಾದ್ದೂ ಅದೇ. ಹಾಗಾದರೆ ಸ್ವಿಚ್ ಒತ್ತಿದ ಕ್ಷಣದಲ್ಲಿ ಏನೂ ತಿಳಿಯದ ಯಂತ್ರ ಅದನ್ನು ಓದುವುದಾದರೂ ಹೇಗೆ?

1950ರ ದಶಕದಲ್ಲೇ ಎಂಜಿನಿಯರುಗಳು ಈ ಕೆಲಸಕ್ಕೆ ಬೂಟ್‌ಸ್ಟ್ರ್ಯಾಪ್ ಎಂದು ಹೆಸರಿಟ್ಟಿದ್ದರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದು ಎಂಬ ತಮಾಷೆಯ ಮಾತು ಅದು. ಮುಂದೆ ಅದೇ ಚಿಕ್ಕದಾಗಿ ‘ಬೂಟ್’ ಆಯಿತು.

1981ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಐಬಿಎಂ ಪಿಸಿ ಬಂತು. ಅದರ ಚಿಪ್ಪಿನಲ್ಲಿ ಬಯೋಸ್ ಎಂಬ ಪುಟ್ಟ ಪ್ರೋಗ್ರಾಂ ಇತ್ತು. ಅದು ಡಿಸ್ಕಿನ ಮೊದಲ 512 ಬೈಟ್ ಮಾತ್ರ ಓದಿ, ಅಲ್ಲಿ ಬರೆದಂತೆ ನಡೆಯುತ್ತಿತ್ತು. ಆ ಬರಹ ಮುಂದಿನ ದೊಡ್ಡ ಪ್ರೋಗ್ರಾಮನ್ನು ಎಳೆದು ತರುತ್ತಿತ್ತು. ಒಲೆ ಹಚ್ಚುವಾಗ ಕಡ್ಡಿಯಿಂದ ಪುಳ್ಳೆಗೆ, ಪುಳ್ಳೆಯಿಂದ ಸೌದೆಗೆ ಬೆಂಕಿ ಹತ್ತುತ್ತದಲ್ಲ, ಹಾಗೆ.

ಆ ಪಿಸಿಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಇದ್ದದ್ದು ಐದೂಕಾಲು ಇಂಚಿನ ಫ್ಲಾಪಿ, ಒಂದರಲ್ಲಿ 160 ಕೆಬಿ ಜಾಗ. ಇವತ್ತು ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸುವುದಿಲ್ಲ. ಮೊದಲ ಫ್ಲಾಪಿ ಡ್ರೈವ್ ಎ, ಎರಡನೆಯದು ಬಿ. ಹಾರ್ಡ್ ಡಿಸ್ಕ್ ಬರುವ ಹೊತ್ತಿಗೆ ಉಳಿದಿದ್ದ ಅಕ್ಷರ ಸಿ. ಫ್ಲಾಪಿ ಸತ್ತು ಎಷ್ಟೋ ವರ್ಷವಾದರೂ ಅದರ ಜಾಗವನ್ನು ಹಾಗೇ ಖಾಲಿ ಬಿಟ್ಟಿದ್ದೇವೆ.

ಡಿಸ್ಕ್ ಪಾಲಾದ ಕಥೆ

1983ರ ಮಾರ್ಚಿನಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಕೊಟ್ಟಿತು. ಜೊತೆಗೆ ಬಂದದ್ದು ಡಾಸ್ 2.0, ಅದರೊಳಗೆ ಎಫ್‌ಡಿಸ್ಕ್ ಎಂಬ ಸಾಧನ. ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳು ಇರಬಹುದು, ಆದ್ದರಿಂದ ಜಾಗವನ್ನು ಪಾಲು ಮಾಡುವ ವ್ಯವಸ್ಥೆ ಬೇಕು ಎಂಬುದು ಅದರ ಹಿಂದಿನ ಯೋಚನೆ. ಈ ಪಾಲಿಗೇ ಪಾರ್ಟಿಷನ್ ಎನ್ನುತ್ತಾರೆ.

ಪಾಲಿನ ಲೆಕ್ಕವನ್ನು ಬರೆದಿಟ್ಟದ್ದು ಮತ್ತೆ ಅದೇ ಮೊದಲ 512 ಬೈಟಿನಲ್ಲಿ. 446 ಬೈಟ್ ಬೂಟ್ ಪ್ರೋಗ್ರಾಮಿಗೆ, 64 ಬೈಟ್ ಪಾಲಿನ ಪಟ್ಟಿಗೆ, ಕೊನೆಯ 2 ಬೈಟ್ ಗುರುತಿನ ಮುದ್ರೆಗೆ. ಒಂದು ಪಾಲಿಗೆ 16 ಬೈಟ್, ಹಾಗಾಗಿ ನಾಲ್ಕೇ ಪಾಲು. ನಾಲ್ಕು ಸಾಲದೆ ಹೋದಾಗ 1987ರಲ್ಲಿ ಡಾಸ್ 3.3 ಒಂದು ಪಾಲಿನೊಳಗೆ ಇನ್ನಷ್ಟು ಪಾಲು ಮಾಡುವ ದಾರಿ ತಂದಿತು. ಈ ಪದ್ಧತಿಯ ಹೆಸರು ಎಂಬಿಆರ್.

ಇದನ್ನು ಪಹಣಿ ಎಂದುಕೊಳ್ಳಿ. ಯಾವ ಹಿಸ್ಸೆ ಎಲ್ಲಿ ಶುರು, ಎಷ್ಟು ಉದ್ದ, ಏನು ಬಗೆ ಎಂದಷ್ಟೇ ಅದರಲ್ಲಿ ಇರುತ್ತದೆ. ಹೊಲ ಬೇರೆ, ಪಹಣಿ ಬೇರೆ. ಪಾರ್ಟಿಷನ್ ಡಿಲೀಟ್ ಮಾಡಿದಾಗ ಹರಿಯುವುದು ಪಹಣಿ ಮಾತ್ರ, ಹೊಲದ ಬೆಳೆ ಆ ಕ್ಷಣಕ್ಕೆ ಅಲ್ಲೇ ಇರುತ್ತದೆ. ಆದರೆ ಅದರ ಮೇಲೆ ಹೊಸ ವಿಂಡೋಸ್ ಹಾಕಿದರೆ, ಹಳೇ ಬೆಳೆಯ ಮೇಲೆ ನೇಗಿಲು ಹೊಡೆದಂತೆ. ಫೋಟೋ ನಿಜವಾಗಿ ಹೋಗುವುದು ಆಗ.

ನಮ್ಮ ಕಡೆ ಅಂಗಡಿಯವರು ಡಿಸ್ಕನ್ನು ಸಿ, ಡಿ, ಇ ಎಂದು ಒಡೆದು ಕೊಡುವ ರೂಢಿಯ ಹಿಂದೆಯೂ ಈ ತಿಳಿವಳಿಕೆ ಇದೆ. ವಿಂಡೋಸ್ ಕೆಟ್ಟರೆ ಸಿ ಅಳಿಸಿದರೆ ಸಾಕು, ಡಿಯಲ್ಲಿ ಇಟ್ಟದ್ದು ಉಳಿಯುತ್ತದೆ. ಅಳಿಸುವವರು ನೋಡಿ ಅಳಿಸಿದರೆ ಮಾತ್ರ!

ಫ್ಲಾಪಿಯಿಂದ ಪೆನ್ ಡ್ರೈವ್‌ವರೆಗೆ

ಆಪರೇಟಿಂಗ್ ಸಿಸ್ಟಮ್ ಹಾಕುವುದು ಒಂದು ಕಾಲಕ್ಕೆ ತಾಳ್ಮೆಯ ಪರೀಕ್ಷೆಯಾಗಿತ್ತು. 1995ರ ವಿಂಡೋಸ್ 95 ಫ್ಲಾಪಿಯಲ್ಲಿ ಬೇಕೆಂದವರಿಗೆ 13 ಫ್ಲಾಪಿ ಬರುತ್ತಿದ್ದವು. ಒಂದಾದ ಮೇಲೊಂದು ಹಾಕುತ್ತ ಕೂರಬೇಕು, ನಡುವೆ ಒಂದು ಕೆಟ್ಟಿದ್ದರೂ ಕೆಲಸ ನಿಂತಿತು.

ಸಿಡಿ ಬಂದರೂ ಕಷ್ಟ ತಕ್ಷಣ ತೀರಲಿಲ್ಲ. ಬಯೋಸಿಗೆ ಗೊತ್ತಿದ್ದದ್ದು ಫ್ಲಾಪಿ ಮತ್ತು ಹಾರ್ಡ್ ಡಿಸ್ಕ್ ಮಾತ್ರ. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಸೇರಿ ಎಲ್ ಟೊರಿಟೊ ಎಂಬ ನಿಯಮ ರೂಪಿಸಿದವು. ಇದರಲ್ಲಿ ಸಿಡಿಯು ಫ್ಲಾಪಿಯ ವೇಷ ಹಾಕಿಕೊಂಡು ಬಯೋಸಿನ ಮುಂದೆ ನಿಲ್ಲಬಹುದಿತ್ತು. ಹೆಸರು ಮಾತ್ರ ಕ್ಯಾಲಿಫೋರ್ನಿಯಾದ ಒಂದು ಹೋಟೆಲಿನದು.

2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ‘ನಾಪಿಕ್ಸ್’ ಕೊಟ್ಟರು. ಕಂಪ್ಯೂಟರಿನೊಳಗೆ ಏನನ್ನೂ ಹಾಕದೆ ಸಿಡಿಯಿಂದಲೇ ಲಿನಕ್ಸ್ ನಡೆಸುವ ಈ ಉಪಾಯ ಕೆಟ್ಟ ಯಂತ್ರದಿಂದ ಫೈಲ್ ಹೊರತೆಗೆಯಲು ವರವಾಯಿತು. 2004ರಲ್ಲಿ ಬಂದ ಉಬುಂಟು 2011ರವರೆಗೂ ಸಿಡಿಗಳನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿತ್ತು. ಇಂಟರ್‌ನೆಟ್ ನಿಧಾನವಿದ್ದ ನಮ್ಮಂಥ ದೇಶಕ್ಕೆ ಅದು ಸಣ್ಣ ಸಂಗತಿಯಲ್ಲ.

2000ದ ಕೊನೆಯಲ್ಲಿ ಐಬಿಎಂ ಮಾರಿದ ಪೆನ್ ಡ್ರೈವ್‌ನ ಜಾಗ 8 ಎಂಬಿ. ಜಾಗ ಹೆಚ್ಚಿದಂತೆ ಸಿಡಿಯ ಕೆಲಸ ಅದರ ಪಾಲಿಗೆ ಬಂತು. ಆದರೆ ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ಪೆನ್ ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಅದು ಬೂಟ್ ಆಗುವುದಿಲ್ಲ. ಸೌದೆ ಇದೆ, ಕಡ್ಡಿ ಇಲ್ಲ. ಆ ಕಡ್ಡಿ ಇಡುವ ಕೆಲಸವನ್ನು 2011ರಿಂದ ರೂಫಸ್ ಮಾಡುತ್ತಿದೆ. 2020ರಲ್ಲಿ ಬಂದ ವೆಂಟಾಯ್ ಅನ್ನು ಪೆನ್ ಡ್ರೈವಿಗೆ ಒಮ್ಮೆ ಹಾಕಿಟ್ಟರೆ, ಆಮೇಲೆ ಐಎಸ್‌ಒ ಫೈಲ್ ಸುಮ್ಮನೆ ಕಾಪಿ ಮಾಡಿದರೂ ನಡೆಯುತ್ತದೆ. ಎರಡೂ ಪುಕ್ಕಟೆ. ಎರಡೂ ಮೊದಲು ಪೆನ್ ಡ್ರೈವಿನಲ್ಲಿ ಇದ್ದುದನ್ನೆಲ್ಲ ಅಳಿಸುತ್ತವೆ, ನೆನಪಿರಲಿ.

ಹಳೇ ಪಹಣಿ ಸಾಲದಾಯಿತು

ಎಂಬಿಆರ್ ಪಟ್ಟಿಯಲ್ಲಿ ಅಳತೆ ಬರೆಯಲು ಇದ್ದ ಜಾಗ ಚಿಕ್ಕದು. ಸಾಮಾನ್ಯ ಡಿಸ್ಕಿನಲ್ಲಿ ಸುಮಾರು 2 ಟಿಬಿ ದಾಟಿದ ಜಾಗವನ್ನು ಅದು ಲೆಕ್ಕಕ್ಕೆ ಹಿಡಿಯದು. ಇಂಟೆಲ್ ಶುರು ಮಾಡಿದ ಹೊಸ ಪದ್ಧತಿಯನ್ನು 2005ರಿಂದ ಹಲವು ಕಂಪನಿಗಳ ಕೂಟವೊಂದು ಯುಇಎಫ್‌ಐ ಎಂಬ ಹೆಸರಲ್ಲಿ ಮುಂದುವರಿಸಿತು. ಬಯೋಸಿನ ಜಾಗಕ್ಕೆ ಅದು ಬಂತು, ಎಂಬಿಆರ್ ಜಾಗಕ್ಕೆ ಜಿಪಿಟಿ ಬಂತು.

ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾಲಿಗೆ ಜಾಗವಿದೆ. ಪಟ್ಟಿಯ ಒಂದು ಪ್ರತಿ ಡಿಸ್ಕಿನ ಶುರುವಿನಲ್ಲಿ, ಇನ್ನೊಂದು ಕೊನೆಯಲ್ಲಿ ಇರುತ್ತದೆ. ಒಂದು ಹಾಳಾದರೆ ಇನ್ನೊಂದು ಇದೆ. ಬೂಟ್ ಫೈಲುಗಳಿಗೆ ಬೇರೆಯೇ ಒಂದು ಚಿಕ್ಕ ಪಾಲು ಉಂಟು, ವಿಂಡೋಸಿನಲ್ಲಿ ಹೆಚ್ಚಾಗಿ 100 ಎಂಬಿ. ‘ಇದ್ಯಾಕೆ ದಂಡ’ ಎಂದು ಅದನ್ನು ಅಳಿಸಿದರೆ ಕಂಪ್ಯೂಟರ್ ಏಳುವುದೇ ಇಲ್ಲ.

ಈಗ ಯಾಕೆ ಈ ಮಾತು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಹಳೆಯ ಎಷ್ಟೋ ಯಂತ್ರಗಳಲ್ಲಿಲ್ಲ. ಹಾಗಾಗಿ ಮನೆ, ಶಾಲೆ, ಸಂಘಗಳ ಕಂಪ್ಯೂಟರ್‌ಗಳಿಗೆ ಹೊಸದಾಗಿ ವಿಂಡೋಸ್ ಅಥವಾ ಲಿನಕ್ಸ್ ಹಾಕಿಸುವ ಕೆಲಸ ಹೆಚ್ಚಲಿದೆ. ಅಂಗಡಿಗೆ ಕೊಡುವ ಮುಂಚೆ ಇಷ್ಟು ಮಾಡಿ.

ಮೊದಲು ಬೇಕಾದ ಫೈಲನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಅದೇ ಡಿಸ್ಕಿನ ಡಿ ಡ್ರೈವ್ ಬ್ಯಾಕಪ್ ಅಲ್ಲ, ಒಂದೇ ಹೊಲದ ಇನ್ನೊಂದು ಪಾಲು ಅಷ್ಟೇ.

ಯಾವ ಡ್ರೈವ್ ಎಷ್ಟು ಜಿಬಿ ಎಂದು ಚೀಟಿಯಲ್ಲಿ ಬರೆದುಕೊಡಿ. ವಿಂಡೋಸ್ ಹಾಕುವ ಪರದೆಯಲ್ಲಿ ಸಿ, ಡಿ ಎಂದು ತೋರಿಸುವುದಿಲ್ಲ. ‘ಪಾರ್ಟಿಷನ್ 1, ಪಾರ್ಟಿಷನ್ 2’ ಎಂದಷ್ಟೇ ಬರುತ್ತದೆ. ಅಳತೆ ನೋಡಿಯೇ ಗುರುತಿಸಬೇಕು.

ತಪ್ಪಿ ಅಳಿಸಿದರೆ ಆ ಡಿಸ್ಕಿಗೆ ಮತ್ತೇನನ್ನೂ ಬರೆಯಬೇಡಿ. ಟೆಸ್ಟ್‌ಡಿಸ್ಕ್ ಎಂಬ ಪುಕ್ಕಟೆ ಪ್ರೋಗ್ರಾಂ ಕಳೆದ ಪಹಣಿಯನ್ನು ಎಷ್ಟೋ ಸಲ ಹುಡುಕಿಕೊಡುತ್ತದೆ. ಡಿಸ್ಕ್ ಎಸ್‌ಎಸ್‌ಡಿ ಆಗಿದ್ದರೆ ಆ ಆಸೆ ಕಡಿಮೆ.

ಅಂಗಡಿಯವರ ಕೈಯಲ್ಲಿ ಇಡುವ ಮುಂಚೆ ‘ಯಾವ ಪಾರ್ಟಿಷನ್ ಅಳಿಸ್ತೀರಾ ಅಣ್ಣಾ?’ ಎಂದು ಕೇಳಿ. ಕೆಲಸ ಗೊತ್ತಿರುವವರು ಬೇಜಾರು ಮಾಡಿಕೊಳ್ಳದೆ ತೋರಿಸುತ್ತಾರೆ.