ಅಂಗಡಿ ಕಟ್ಟೆಯ ಬಿಟ್ಟಿ ಸಲಹೆ: ಸೇರಿನಿಂದ ಸ್ಕ್ಯಾನರ್‌ವರೆಗೆ

ಹಳ್ಳಿ ಅಂಗಡಿಯಲ್ಲಿ ದುಡ್ಡಿಲ್ಲದೆ ಕೈ ಬದಲಾಯಿಸುವ ಸರಕು ಒಂದೇ, ಸಲಹೆ. ಅದನ್ನು ಕೊಡುವವರು ಗಿರಾಕಿಗಳು, ಪಡೆಯುವವರು ಅಂಗಡಿಯವರು. "ಶೆಟ್ರೇ, ಇಲ್ಲೊಂದು ಫ್ರಿಜ್ ಇಡಿ, ಬೇಸಿಗೇಲಿ ಹೆಂಗೆ ಓಡ್ತದೆ ನೋಡಿ." "ಅಕ್ಕಾ, ಬರೀ ಚಾ ಮಾರಿದ್ರೆ ಏನು ಸಿಗ್ತದೆ, ಮಂಡಕ್ಕಿ-ಮಿರ್ಚಿನೂ ಮಾಡು." ಒಂದು ಕಟ್ಟು ಬೀಡಿ, ಒಂದು ಕಡ್ಡಿಪೆಟ್ಟಿಗೆ ತಗೊಂಡು ಐವತ್ತು ಸಾವಿರದ ಯೋಜನೆ ಹೇಳಿ ಹೋಗುವವರು ನಿಮ್ಮೂರಲ್ಲೂ ಇರುತ್ತಾರೆ.

ಇದನ್ನು ತಮಾಷೆ ಅಂತ ಬಿಡಬಹುದು. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ಸರ್ಕಾರವೋ ಕಂಪನಿಯೋ ಹೊಸದೇನಾದರೂ ತಂದಾಗಲೆಲ್ಲ ಅದನ್ನು ಅಂಗಡಿಯ ಒಳಗೆ ನೂಕಿದ್ದರಲ್ಲಿ ಗಿರಾಕಿಯ ಬಾಯಿಯ ಪಾಲೂ ಇದೆ ಅನ್ನಿಸುತ್ತದೆ. ಲಾಭ ಬಂದಾಗ ಎಲ್ಲರೂ ಪಾಲುದಾರರು. ನಷ್ಟ ಬಂದಾಗ ಅಂಗಡಿಯವರೊಬ್ಬರೇ.

ಒಂದು ಕಾಲಕ್ಕೆ ವ್ಯಾಪಾರದ ಕಟ್ಟಳೆಯನ್ನು ವ್ಯಾಪಾರಿಗಳೇ ಮಾಡಿಕೊಳ್ಳುತ್ತಿದ್ದರು. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ಶಾಸನ ಬಿಟ್ಟು ಹೋಗಿದೆ. ದೂರದ ಸುಮಾತ್ರಾದಲ್ಲೂ 1088ರ ತಮಿಳು ಶಾಸನವೊಂದು ಅವರ ಹೆಸರು ಹೇಳುತ್ತದೆ. ತಮ್ಮ ನಡಾವಳಿಯನ್ನು ಅವರು 'ಬಣಂಜು ಧರ್ಮ' ಎಂದು ಕರೆದುಕೊಂಡರು. ಆದರೆ ಅದು ಎತ್ತು, ಕತ್ತೆಗಳ ಮೇಲೆ ಹೇರು ಹೊರಿಸಿ ಊರೂರು ಸುತ್ತುವ ದೊಡ್ಡ ವರ್ತಕರ ಮಾತಾಯಿತು. ಒಂದೇ ಊರಲ್ಲಿ ಬಾಗಿಲು ತೆಗೆದು ಕೂತ ಚಿಲ್ಲರೆ ಅಂಗಡಿಯವರ ಬೆನ್ನಿಗೆ ಅಂಥ ಬಲ ಇಲ್ಲ. ಸಂತೆಯ ವ್ಯಾಪಾರಿ ಸಂಜೆಗೆ ಗಂಟು ಕಟ್ಟಿ ಹೋಗುತ್ತಾನೆ, ಯಾರ ಮಾತನ್ನೂ ಹೊತ್ತುಕೊಂಡು ಹೋಗಬೇಕಿಲ್ಲ. ಅಂಗಡಿಯವರು ನಾಳೆಯೂ ಅದೇ ಮುಖಗಳನ್ನೇ ನೋಡಬೇಕು.

ಅದರ ಮೇಲೆ ಉದ್ರಿ. ಮಳೆಗಾಲದಲ್ಲಿ ಬರೆಸಿ ಸುಗ್ಗಿಯಲ್ಲಿ ತೀರಿಸುವ ಮನೆಗಳು ಇರುವ ತನಕ ಉದ್ರಿ ಪುಸ್ತಕ ಮುಚ್ಚುವುದಿಲ್ಲ. 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ಓದಿ ನಕ್ಕವರೇ ಅದರ ಕೆಳಗೆ ನಿಂತು ಉದ್ರಿ ಬರೆಸುತ್ತಾರೆ. ನಮಗೆ ಅನ್ನಿಸುವುದು ಇಷ್ಟು: ಜೋರಾಗಿ ಸಲಹೆ ಕೊಡುವವರ ಹೆಸರು ಬಹಳ ಸಲ ಆ ಪುಸ್ತಕದಲ್ಲೂ ಇರುತ್ತದೆ. ಅಂಗಡಿಯವರು "ಸುಮ್ಮನಿರಪ್ಪಾ" ಅನ್ನುವಂತಿಲ್ಲ. ಅಂದರೆ ಆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಬಾಕಿಯೂ ಅವರ ಜೊತೆಗೇ ಹೋಗುತ್ತದೆ.

ಗಿರಾಕಿಯ ಲೆಕ್ಕ ನಿಜಕ್ಕೂ ಚುರುಕಾಗಿದ್ದ ಒಂದು ಕಾಲವನ್ನು ಹೇಳಬೇಕು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಅಲ್ಲಿವರೆಗೆ ರೂಪಾಯಿಗೆ 16 ಆಣೆ, ಆಮೇಲೆ 100 ಪೈಸೆ. ಒಂದಾಣೆ ಅಂದರೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರೋಣ? ಹಾಗಾಗಿ ಪಟ್ಟಿಯಲ್ಲಿ ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಹೊಂದಿಸಿದರು. ಒಂದಾಣೆಯ ಮೂರು ಸಾಮಾನನ್ನು ಒಟ್ಟಿಗೆ ಕೊಂಡರೆ 19 ಪೈಸೆ, ಬೇರೆ ಬೇರೆಯಾಗಿ ಮೂರು ಸಲ ಕೊಂಡರೆ 18. ನೀವೇ ಕೂಡಿ ನೋಡಿ. ಈ ಒಂದು ಪೈಸೆ ಯಾರದು ಎಂಬ ಜಗಳ ದೆಹಲಿಯಲ್ಲಿ ಆಗುವಂಥದ್ದಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಆಗುವಂಥದ್ದು.

ಮರುವರ್ಷ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋಗ್ರಾಂ ಬಂತು. ಸೇರು, ಪಾವು, ಕೊಳಗದ ಲೆಕ್ಕ ಕಟ್ಟಿಕೊಂಡಿದ್ದ ಅಂಗಡಿ ಹೊಸ ಬಟ್ಟುಗಳನ್ನು ತನ್ನ ಕೈಯಿಂದಲೇ ಕೊಳ್ಳಬೇಕಾಯಿತು. ಪಾವು ಮಾತ್ರ ಇಂದಿಗೂ ಅಡುಗೆಮನೆಯ ಅಕ್ಕಿ ಡಬ್ಬಿಯಲ್ಲಿ ಉಳಿದಿದೆ. ಯಾವ ಕಾನೂನೂ ಅಲ್ಲಿಗೆ ಹೋಗಲಿಲ್ಲ!

ಕೆಲವು ಸಲ ಸಲಹೆ ಸರಿಯಾಗಿಯೇ ಇತ್ತು, ಅದರ ಲಾಭ ಬೇರೆಯವರಿಗೆ ಹೋಯಿತು. "ಅಷ್ಟು ದೊಡ್ಡ ಬಾಟಲಿ ಯಾರು ಕೊಳ್ತಾರೆ, ಒಂದು ಸಲಕ್ಕಾಗುವಷ್ಟು ಕೊಡಿ" ಎಂಬುದು ಬಡವರ ಹಳೆಯ ಬೇಡಿಕೆ. ಹಳ್ಳಿ ಅಂಗಡಿ ಅದನ್ನು ಯಾವತ್ತೋ ಒಪ್ಪಿಕೊಂಡಿತ್ತು. ಬೀಡಿ ಬಿಡಿಬಿಡಿಯಾಗಿ, ಎಣ್ಣೆ ನೂರು ಗ್ರಾಂ, ಸಕ್ಕರೆ ಕಾಗದದ ಪೊಟ್ಟಣದಲ್ಲಿ. ತಮಿಳುನಾಡಿನ ಕಡಲೂರಿನಲ್ಲಿ 1983ರಲ್ಲಿ ಶುರುವಾದ ಚಿಕ್ ಶಾಂಪೂ ಅದೇ ಲೆಕ್ಕವನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ತುಂಬಿ ಹಳ್ಳಿಗಳಿಗೆ ನುಗ್ಗಿತು. ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. ಈಗ ಯಾವ ಅಂಗಡಿಗೆ ಹೋದರೂ ಸ್ಯಾಶೆಗಳ ಹಾರವೇ ನೇತಾಡುತ್ತದೆ. ಹಾರ ಕಟ್ಟಲು ಜಾಗ ಅಂಗಡಿಯವರದು.

ಎಸ್‌ಟಿಡಿ ಬೂತ್ ನೆನಪಿದೆಯಾ? ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದರ ಹಿಂದೆಯೇ ಹಳದಿ ಬೋರ್ಡುಗಳು ರಸ್ತೆಬದಿಯ ಅಂಗಡಿಗಳಿಗೆ ಬಂದವು. ಗಾಜಿನ ಗೂಡು, ಫೋನು, ಬಿಲ್ಲು ಹೊರಡಿಸುವ ಮೀಟರ್ ಎಲ್ಲವೂ ಖರ್ಚಿನ ಬಾಬತ್ತೇ. ಕೆಲವು ವರ್ಷ ಅದು ಅಂಗಡಿಗೆ ಅನ್ನ ಹಾಕಿದ್ದು ನಿಜ, ಬೂತಿನಿಂದಲೇ ಮಕ್ಕಳನ್ನು ಓದಿಸಿದ ಮನೆಗಳಿವೆ. 2003ರ ಮೇನಲ್ಲಿ ಮೊಬೈಲಿಗೆ ಬರುವ ಕರೆಗಳು ಉಚಿತವಾದವು. ಅಲ್ಲಿಂದಾಚೆ ಬೂತಿನ ಮುಂದೆ ಸಾಲು ನಿಲ್ಲುವವರು ಕರಗಿದರು. ತಡವಾಗಿ ಸಾಲ ಮಾಡಿ ಬೂತ್ ಹಾಕಿದವರ ಪಾಡು ಏನಾಗಿರಬೇಡ. ಗಾಜಿನ ಗೂಡಿನಲ್ಲಿ ಈಗಲೂ ಈರುಳ್ಳಿ ಚೀಲ ಇಟ್ಟುಕೊಂಡ ಅಂಗಡಿಗಳನ್ನು ನಾವು ನೋಡಿದ್ದೇವೆ.

ಇಷ್ಟೆಲ್ಲ ಹೇಳಿದ್ದು ಸ್ಕ್ಯಾನರ್ ವಿಷಯಕ್ಕೆ ಬರಲಿಕ್ಕೆ. 2016ರಲ್ಲಿ ಯುಪಿಐ ಬಂತು, ಅದೇ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಆಮೇಲೆ ಕೊರೊನಾ. "ಅಣ್ಣಾ, ಇನ್ನೂ ಫೋನ್‌ಪೇ ಇಲ್ವಾ? ಯಾವ ಕಾಲದಲ್ಲಿದ್ದೀರಿ?" ಎಂಬ ಮಾತು ಕೇಳದ ಅಂಗಡಿಯವರಿಲ್ಲ. ಚಿಲ್ಲರೆಯ ಕಾಟವೂ ತಪ್ಪಿತು, ನಿಜ. ಹತ್ತು ರೂಪಾಯಿ ಬಾಳೆಹಣ್ಣಿಗೂ ಸ್ಕ್ಯಾನ್ ಆಯಿತು.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. 40 ಲಕ್ಷ ಕೇಳಲು ದೊಡ್ಡದು. ದಿನಕ್ಕೆ ಹನ್ನೊಂದು ಸಾವಿರ ವ್ಯಾಪಾರವಾದರೆ ವರ್ಷಕ್ಕೆ ಅಷ್ಟಾಗಿಬಿಡುತ್ತದೆ. ಅದು ಲಾಭವಲ್ಲ, ಬರೀ ವಹಿವಾಟು. ಸಿಗರೇಟು ಮಾರುವ ಬೇಕರಿಯಲ್ಲಿ ಕೈಗೆ ಬರುವ ದುಡ್ಡು ದೊಡ್ಡದು, ಕೈಯಲ್ಲಿ ಉಳಿಯುವುದು ಚೂರು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಗಿತ್ತು. ಮಗಳ ಫೀಸಿಗೆ ತಮ್ಮ ಕಳಿಸಿದ ದುಡ್ಡೂ ಅಂಗಡಿಯ ಖಾತೆಗೇ ಬಂದಿದ್ದರೆ ಅದನ್ನು ಬಿಡಿಸಿ ತೋರಿಸುವ ಕೆಲಸ ಅಂಗಡಿಯವರದೇ.

'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಬೋರ್ಡುಗಳು ಎದ್ದವು. ಜುಲೈ 25ಕ್ಕೆ ಬಂದ್ ಮಾಡುವುದಾಗಿ ವ್ಯಾಪಾರಿಗಳು ಹೇಳಿದ್ದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಜೊತೆ ಮಾತುಕತೆಯಾಗಿ, ನೋಂದಣಿ ಮಾಡಿಕೊಂಡರೆ ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂಬ ಭರವಸೆ ಸಿಕ್ಕಿತು.

ಆ ವಾರಗಳಲ್ಲಿ ಗಿರಾಕಿಗಳ ಸಲಹೆ ತಕ್ಷಣ ತಿರುಗಿತು. ಮೊನ್ನೆ ತನಕ "ಸ್ಕ್ಯಾನರ್ ಹಾಕಿ" ಅಂದವರೇ "ತೆಗೆದುಬಿಡಿ" ಅಂದರು. "ಹೆಂಡತಿ ಹೆಸರಲ್ಲೊಂದು, ಮಗನ ಹೆಸರಲ್ಲೊಂದು ಇಡಿ, ಯಾರಿಗೆ ಗೊತ್ತಾಗ್ತದೆ" ಎಂದೂ ಹೇಳುವವರಿದ್ದಾರೆ. ಇದು ಕೈ ಸುಡುವ ಸಲಹೆ. ವಹಿವಾಟಿನ ಲೆಕ್ಕಕ್ಕೆ ನಗದೂ ಸೇರುತ್ತದೆ, ಯುಪಿಐ ಒಂದೇ ಅಲ್ಲ. ಒಂದೇ ಅಂಗಡಿಯ ದುಡ್ಡನ್ನು ನಾಲ್ಕು ಖಾತೆಗೆ ಹಂಚಿದ ಮಾತ್ರಕ್ಕೆ ಅಂಗಡಿ ನಾಲ್ಕಾಗುವುದಿಲ್ಲ. ಬದಲಿಗೆ ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ, ಸಾಮಾನು ತಂದ ಬಿಲ್ಲುಗಳಿಗೊಂದು ದಾರ. ವಹಿವಾಟು ಮಿತಿಯ ಹತ್ತಿರ ಬಂದಿದ್ದರೆ ತಾಲ್ಲೂಕಿನ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ. ಅವರು ಫೀಸು ತಗೊಳ್ಳುತ್ತಾರೆ, ಹೇಳಿದ ಮಾತಿನ ಕೆಳಗೆ ಸಹಿಯನ್ನೂ ಹಾಕುತ್ತಾರೆ.