ಹಳೆಯ ಕಾರಿಗೆ ಹೊಸ ರಾಜ್ಯದ ನಂಬರು

ಮನೆಯ ಅಂಗಳದಿಂದ ಒಂದಡಿಯೂ ಕದಲದೆ ಕಾರುಗಳು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸೇರಿದ್ದುಂಟು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಧಾರವಾಡದ ಕಾರು ಮುಂಬಯಿ ರಾಜ್ಯವನ್ನೂ, ಮಂಗಳೂರಿನದು ಮದರಾಸನ್ನೂ, ಗುಲ್ಬರ್ಗದ್ದು ಹೈದರಾಬಾದನ್ನೂ, ಮಡಿಕೇರಿಯದು ಕೊಡಗು ರಾಜ್ಯವನ್ನೂ ಬಿಟ್ಟು ವಿಶಾಲ ಮೈಸೂರಿನವಾದವು. ರಾಜ್ಯ ಒಂದಾದರೂ ತೆರಿಗೆ ಒಂದಾಗಿರಲಿಲ್ಲ. ಒಂದೊಂದು ಭಾಗಕ್ಕೂ ತನ್ನದೇ ಕಾನೂನಿತ್ತು. ಇವನ್ನೆಲ್ಲ ಸರಿಸಿ ಇಡೀ ರಾಜ್ಯಕ್ಕೆ ಏಕರೂಪದ ತೆರಿಗೆ ತರಲೆಂದೇ 1957ರ ಮೋಟಾರು ವಾಹನ ತೆರಿಗೆ ಕಾಯಿದೆ ಹುಟ್ಟಿತು. ಹಲವು ತಿದ್ದುಪಡಿಗಳೊಂದಿಗೆ ಕರ್ನಾಟಕದಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ ಕಾಯಿದೆ.

ಇಂದು ರಾಜ್ಯ ದಾಟುವ ಕಾರು ನಿಜವಾಗಿಯೇ ಗಡಿ ದಾಟಬೇಕು. ದೆಹಲಿಯಲ್ಲಿ ತಾತ ಓಡಿಸುತ್ತಿದ್ದ ಫಿಯೆಟ್ಟನ್ನೋ ಅಂಬಾಸಿಡರನ್ನೋ ಬೆಂಗಳೂರಿಗೆ ತಂದು ಅದಕ್ಕೆ ‘ಕೆಎ’ ನಂಬರು ಹಾಕಿಸಬೇಕೆನ್ನುವ ಮೊಮ್ಮಗನಿಗೆ ಎರಡು ಅಡ್ಡಿಗಳು ಎದುರಾಗುತ್ತವೆ. ಒಂದು ತೆರಿಗೆ, ಇನ್ನೊಂದು ಹೊಗೆ. ಈ ಎರಡರ ಹುಟ್ಟೂ ಬೇರೆ, ಕಾಲವೂ ಬೇರೆ. ವಿಚಿತ್ರವೆಂದರೆ ಎರಡನ್ನೂ ರೂಪಿಸಿದವರ ಮನಸ್ಸಿನಲ್ಲಿ ಹಳೆಯ ಕಾರು ಇರಲೇ ಇಲ್ಲ.

ನಂಬರಿನ ಕಥೆ ಹಳೆಯದು. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯಿದೆಯ ಮೇರೆಗೆ 1904ರ ಜನವರಿ 1ರಿಂದ ಕಾರಿಗೆ ಸಂಖ್ಯೆ ಕಡ್ಡಾಯವಾಯಿತು. ದೂಳೆಬ್ಬಿಸಿಕೊಂಡು ಓಡುವ ಈ ಹೊಸ ಯಂತ್ರ ಯಾರದೆಂದು ಗುರುತಿಸುವುದೇ ಅದರ ಮುಖ್ಯ ಉದ್ದೇಶ. ಭಾರತದಲ್ಲಿ 1914ರಲ್ಲಿ ಮೊದಲ ಮೋಟಾರು ವಾಹನ ಕಾಯಿದೆ ಬಂತು. ಅದರ ಜಾಗಕ್ಕೆ 1939ರಲ್ಲಿ ಇನ್ನೂ ವಿಸ್ತಾರವಾದದ್ದು ಬಂತು. ಸ್ವಾತಂತ್ರ್ಯಾನಂತರ ಸಂವಿಧಾನ ಈ ವಿಷಯವನ್ನು ಎರಡು ಕಡೆ ಹಂಚಿತು. ಯಂತ್ರಚಾಲಿತ ವಾಹನಗಳ ಬಗ್ಗೆ ಕಾನೂನು ಮಾಡುವ ಅಧಿಕಾರ ಸಮವರ್ತಿ ಪಟ್ಟಿಯ 35ನೇ ನಮೂದಿಗೆ ಹೋಯಿತು. ರಸ್ತೆ ಬಳಸುವ ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯ ಪಟ್ಟಿಯ 57ನೇ ನಮೂದಿನಲ್ಲಿ ಉಳಿಯಿತು. ಕಾಯಿದೆ ದೇಶದ್ದು, ತೆರಿಗೆ ರಾಜ್ಯದ್ದು. ಆರ್‌ಟಿಓ ಕಚೇರಿಯ ಕಿಟಕಿಯ ಮುಂದೆ ನಿಂತವರ ಅರ್ಧ ತಾಪತ್ರಯದ ಮೂಲ ಇಲ್ಲಿದೆ.

ಈಗ ನಡೆಯುತ್ತಿರುವುದು 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯಿದೆ. ಮೈಸೂರಿನ ನೆನಪು ತರುತ್ತಿದ್ದ ‘ಎಂವೈ’, ಆಮೇಲಿನ ‘ಎಂಇ’, ‘ಸಿಎ’ ಮುಂತಾದ ಅಕ್ಷರಗಳು ಹೋಗಿ ‘ಕೆಎ’ ಬಂದದ್ದು ಇದರೊಂದಿಗೇ. ಇದರ 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರು ಪಡೆಯಬೇಕು. ಅದಕ್ಕೆ ಮೊದಲು ಮೂಲ ನೋಂದಣಿ ಕಚೇರಿಯಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ, ಅಂದರೆ ಜನರ ಬಾಯಲ್ಲಿರುವ ‘ಎನ್‌ಓಸಿ’ ಬೇಕು. ತೆರಿಗೆ ಬಾಕಿಯಿಲ್ಲ, ಕಳವಿನ ಗಾಡಿಯಲ್ಲ ಎಂಬುದು ಖಾತ್ರಿಯಾಗಬೇಕು. ಆಮೇಲೆ 27ನೇ ನಮೂನೆಯಲ್ಲಿ ಅರ್ಜಿ. ಹೊಸ ರಾಜ್ಯ ಕಾರಿನ ಬೆಲೆ ಮತ್ತು ವಯಸ್ಸು ನೋಡಿ ಜೀವಾವಧಿ ತೆರಿಗೆ ಕೇಳುತ್ತದೆ. ಹಳೆಯ ರಾಜ್ಯಕ್ಕೆ ಕಟ್ಟಿದ್ದರಲ್ಲಿ ಏನಾದರೂ ವಾಪಸು ಬರಬೇಕಿದ್ದರೆ ಅದಕ್ಕೆ ಅಲ್ಲಿಯೇ ಬೇರೆ ಅರ್ಜಿ ಹಾಕಬೇಕು.

ಕರ್ನಾಟಕ 2014ರಲ್ಲಿ ತನ್ನ ಕಾಯಿದೆ ತಿದ್ದಿ, ಹೊರರಾಜ್ಯದ ವಾಹನ 30 ದಿನ ದಾಟಿ ಇಲ್ಲಿದ್ದರೆ ಜೀವಾವಧಿ ತೆರಿಗೆ ಕಟ್ಟಬೇಕೆಂದಿತು. ಕೇಂದ್ರದ ಕಾಯಿದೆ ಒಂದು ವರ್ಷ ಬಿಡುವು ಕೊಟ್ಟಿರುವಾಗ ರಾಜ್ಯ ಒಂದೇ ತಿಂಗಳು ಕೊಡುವುದು ಹೇಗೆಂಬ ಪ್ರಶ್ನೆ ಹೈಕೋರ್ಟಿಗೆ ಹೋಗಿ, 2016ರಲ್ಲಿ ಆ ತಿದ್ದುಪಡಿ ಅಸಿಂಧುವೆಂದು ತೀರ್ಪು ಬಂತು. ವರ್ಗಾವಣೆಯ ನೌಕರಿಯಲ್ಲಿರುವವರಿಗೆಂದು ಕೇಂದ್ರ 2021ರಲ್ಲಿ ತಂದ ‘ಬಿಎಚ್’ ಸರಣಿ ಈ ತೊಡಕನ್ನು ಹೊಸ ಕಾರುಗಳ ಮಟ್ಟಿಗೆ ಸಡಿಲಿಸಿತು. ತಾತನ ಫಿಯೆಟ್ಟಿಗೆ ಅದರಿಂದ ಬಂದ ಲಾಭ ಏನೂ ಇಲ್ಲ.

ಹೊಗೆಯ ಕಥೆ ಶುರುವಾಗುವುದು ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ. 1943ರ ಜುಲೈಯಲ್ಲಿ ಅಲ್ಲಿ ಕಣ್ಣುರಿಸುವ ಮಬ್ಬು ಕವಿದಾಗ ಜನ ಅದನ್ನು ಜಪಾನಿನ ವಿಷಾನಿಲ ದಾಳಿಯೆಂದೇ ಶಂಕಿಸಿದರು. ಸಂಶ್ಲೇಷಿತ ರಬ್ಬರಿಗೆ ಬೇಕಾದ ಬ್ಯುಟಾಡೈಯೀನ್ ತಯಾರಿಸುತ್ತಿದ್ದ ಕಾರ್ಖಾನೆಯೊಂದನ್ನು ಮುಚ್ಚಿಸಿದರೂ ಮಬ್ಬು ಹೋಗಲಿಲ್ಲ. ಅನಾನಸಿನ ಪರಿಮಳದ ರಸಾಯನ ಹುಡುಕುತ್ತಿದ್ದ ಏರಿ ಹಾಗನ್-ಸ್ಮಿತ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಗುಟ್ಟು ಬಿಡಿಸಿದರು. ಕಾರಿನ ಹೊಗೆ ಬಿಸಿಲಿನೊಡನೆ ಸೇರಿ ಓಜೋನ್ ಆಗುತ್ತದೆ, ಮಬ್ಬಿನ ಮೂಲ ಅದೇ ಎಂದು ಅವರು ತೋರಿಸಿದರು. ಕ್ಯಾಲಿಫೋರ್ನಿಯಾ 1966ರ ಮಾದರಿಯ ಕಾರುಗಳಿಂದಲೇ ಹೊಗೆಗೊಳವೆಗೆ ಮಿತಿ ವಿಧಿಸಿತು. ಹಳೆಯ ಕಾರಿನ ಪ್ರಶ್ನೆಯನ್ನೂ ಅದು ಎದುರಿಸಬೇಕಾಯಿತು. 1997ರ ಕಾನೂನು 30 ವರ್ಷ ದಾಟಿದ ಕಾರಿಗೆ ತಪಾಸಣೆಯಿಂದ ವಿನಾಯಿತಿ ಕೊಟ್ಟಿತ್ತು. 2004ರಲ್ಲಿ ಆ ಗೆರೆಯನ್ನು 1975ರ ಮಾದರಿಗೇ ನಿಲ್ಲಿಸಲಾಯಿತು. ಹೀಗಾಗಿ ಬೇರೆ ರಾಜ್ಯದಿಂದ ಅಲ್ಲಿಗೆ ತಂದ 1975ರ ಕಾರಿಗೆ ಹೊಗೆ ಪರೀಕ್ಷೆಯಿಲ್ಲ. 1976ರದಕ್ಕೆ ಉಂಟು, ಎಷ್ಟೇ ಮುದಿಯಾದರೂ ಉಂಟು.

ಭಾರತದಲ್ಲಿ ಹೊಗೆಯ ನಿಯಮ ಬಂದದ್ದು ತಡವಾಗಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ ಓಡುವ ಗಾಡಿಗಳ ಹೊಗೆಗೆ ಮಿತಿ ಹಾಕಿತು. ಕಾರ್ಖಾನೆಯಿಂದ ಹೊರಬರುವ ಪೆಟ್ರೋಲು ಕಾರುಗಳಿಗೆ 1991ರಲ್ಲಿ ಮಾನದಂಡ ಬಂತು. ಭಾರತ್ ಸ್ಟೇಜ್ ಹಂತಗಳು ಒಂದೊಂದಾಗಿ ಬಂದು 2020ರ ಏಪ್ರಿಲ್ 1ರಿಂದ ಆರನೆಯದು ದೇಶಕ್ಕೆಲ್ಲ ಅನ್ವಯವಾಯಿತು. ಇವುಗಳಲ್ಲಿ ಒಂದು ವಿವೇಕದ ಅಂಶವಿದೆ. ಪೆಟ್ರೋಲ್ ಬಂಕಿನ ಪಕ್ಕದ ಹೊಗೆ ತಪಾಸಣಾ ಕೇಂದ್ರದಲ್ಲಿ ಎಲ್ಲ ಕಾರಿಗೂ ಒಂದೇ ಅಳತೆಗೋಲಿಲ್ಲ. 2004ರ ಅಕ್ಟೋಬರ್‌ನಿಂದ ಬಂದ ಮಿತಿಗಳ ಪ್ರಕಾರ, ಭಾರತ್ ಸ್ಟೇಜ್‌ಗೆ ಮೊದಲಿನ ಪೆಟ್ರೋಲು ಕಾರು ನಿಂತಲ್ಲೇ ಎಂಜಿನ್ ತಿರುಗುವಾಗ ಶೇ 3ರಷ್ಟು ಇಂಗಾಲದ ಮಾನಾಕ್ಸೈಡ್ ಬಿಡಬಹುದು; ಎರಡನೇ ಹಂತದ ಕಾರಿಗೆ ಮಿತಿ ಶೇ 0.5. ಸುಡದೆ ಉಳಿದ ಇಂಧನದ ಅಂಶಕ್ಕೆ ಹಳೆಯದಕ್ಕೆ ಹತ್ತು ಲಕ್ಷ ಭಾಗದಲ್ಲಿ 1500, ಹೊಸದಕ್ಕೆ 750. ಯಂತ್ರವನ್ನು ಅದರ ಕಾಲದ ಶಕ್ತಿಗೆ ತಕ್ಕಂತೆ ಅಳೆಯುವ ಕ್ರಮ ಇದು. ಕಾರ್ಬುರೇಟರ್ ಸರಿಯಾಗಿ ಹದಗೊಳಿಸಿದ ಅಂಬಾಸಿಡರ್ ಇದರಲ್ಲಿ ಪಾಸಾಗಬಲ್ಲದು.

ಹಳೆಯ ಎಂಜಿನ್ನಿಗೆ ಪೆಟ್ಟು ಕೊಟ್ಟ ಇನ್ನೊಂದು ಸುಧಾರಣೆಯೂ ಉಂಟು. ಪೆಟ್ರೋಲಿನಲ್ಲಿದ್ದ ಸೀಸವನ್ನು 2000ದ ಫೆಬ್ರುವರಿಯಿಂದ ದೇಶದಾದ್ಯಂತ ತೆಗೆಯಲಾಯಿತು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ನೋಡಿದರೆ ಇದು ತೀರ ಅಗತ್ಯದ ಕ್ರಮ. ಆದರೆ ಅದೇ ಸೀಸ ಹಳೆಯ ಎಂಜಿನ್ನುಗಳ ವಾಲ್ವ್ ಕೂರುವ ಅಂಚು ಸವೆಯದಂತೆ ಕಾಯುತ್ತಿತ್ತು. ಗಟ್ಟಿ ಲೋಹದ ಹೊಸ ಅಂಚು ಕೂರಿಸಿಕೊಳ್ಳುವುದು ಅಂಥ ಕಾರಿನವರ ಪಾಲಿನ ಖರ್ಚಾಯಿತು.

ಕೊಳವೆಯನ್ನು ಬಿಟ್ಟು ಕ್ಯಾಲೆಂಡರನ್ನು ನೋಡುವ ಕ್ರಮ ಬಲಗೊಂಡದ್ದು ದೆಹಲಿಯಲ್ಲಿ. ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಹೂಡಿದ ಮೊಕದ್ದಮೆಯಿಂದ ಮೊದಲ್ಗೊಂಡು ಅಲ್ಲಿನ ಗಾಳಿ ನ್ಯಾಯಾಲಯದ ವಿಷಯವಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ನವೆಂಬರ್‌ನಲ್ಲಿ 15 ವರ್ಷ ದಾಟಿದ ವಾಹನಗಳನ್ನೂ, 2015ರ ಏಪ್ರಿಲ್‌ನಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳನ್ನೂ ರಸ್ತೆಗಿಳಿಸಬಾರದೆಂದಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ವಯಸ್ಸೊಂದನ್ನೇ ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಅದೇ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತಾದರೂ, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಭಾರತ್ ಸ್ಟೇಜ್ ನಾಲ್ಕು ಮತ್ತು ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ದೆಹಲಿಯ ಗಾಳಿಯ ಸ್ಥಿತಿ ಗೊತ್ತಿರುವ ಯಾರೂ ಈ ಕಟ್ಟುನಿಟ್ಟನ್ನು ಹಗುರವಾಗಿ ಕಾಣಲಾರರು. ಆದರೂ ವರ್ಷಕ್ಕೆ ಐನೂರು ಕಿಲೋಮೀಟರ್ ಓಡುವ ಫಿಯೆಟ್ಟೂ, ದಿನಕ್ಕೆ ಇನ್ನೂರು ಓಡುವ ಗಾಡಿಯೂ ಕ್ಯಾಲೆಂಡರಿನ ಕಣ್ಣಿಗೆ ಒಂದೇ. ಎನ್‌ಓಸಿ ಪಡೆದು ಬೇರೆ ರಾಜ್ಯಕ್ಕೆ ಹೋದ ಕಾರಿನ ಹೊಗೆ ನಿಲ್ಲುವುದಿಲ್ಲ, ಅದರ ವಿಳಾಸ ಬದಲಾಗುತ್ತದೆ ಅಷ್ಟೆ.

ಹಳೆಯ ಕಾರಿಗೆ ಕಾನೂನು ಒಂದು ಹೆಸರು ಕೊಟ್ಟದ್ದು 2021ರ ಜುಲೈಯಲ್ಲಿ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಕವಚ, ಎಂಜಿನ್ ಹೆಚ್ಚು ಬದಲಾಗದೆ ಮೂಲರೂಪದಲ್ಲೇ ಉಳಿದ ಸ್ವಂತ ಬಳಕೆಯ ಕಾರು ಮತ್ತು ಬೈಕುಗಳನ್ನು ಕೇಂದ್ರ ಸರ್ಕಾರ ‘ವಿಂಟೇಜ್’ ಎಂದು ಕರೆಯಿತು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಈಗಾಗಲೇ ನೋಂದಣಿಯಾದವು ತಮ್ಮ ಮೂಲ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಇಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಇಂಧನ ಭರ್ತಿ ಇಂಥ ಕಾರಣಗಳಿಗೆ ಮಾತ್ರ ರಸ್ತೆ. ಗೌರವ ಸಿಕ್ಕಿದೆ, ಓಡಾಟ ಕಡಿಮೆಯಾಗಿದೆ.

ಮುಖ್ಯ ತೊಡಕಿರುವುದು ನಡುವಿನ 35 ವರ್ಷಗಳಲ್ಲಿ. ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 5,000ದಿಂದ 10,000 ರೂಪಾಯಿಗೆ ಏರಿಸಲಾಯಿತು. ಹದಿನೈದರಿಂದ ಐವತ್ತರವರೆಗೆ ಕಾರು ಬರೇ ಹಳೆಯದು. ಪಾರಂಪರಿಕ ವಸ್ತುವಲ್ಲ, ಗುಜರಿಯೂ ಅಲ್ಲ. 1974ರಲ್ಲಿ ನೋಂದಣಿಯಾದ ಅಂಬಾಸಿಡರ್ 2024ರಲ್ಲಿ ಈ ಅವಧಿ ದಾಟಿತು. 1980ರಲ್ಲಿ ದೆಹಲಿಯಲ್ಲಿ ನೋಂದಣಿಯಾದ ಫಿಯೆಟ್ಟಿಗೆ ‘ವಿಎ’ ಭಾಗ್ಯ ಬರುವುದು 2030ಕ್ಕೆ. ಅಲ್ಲಿಯತನಕ ಅದು ರಸ್ತೆಯಲ್ಲಿರಬೇಕಾದರೆ ದೆಹಲಿಯ ನಂಬರನ್ನು ಬಿಟ್ಟು, ತೆರಿಗೆ ಕಟ್ಟಿ, ಹೊಗೆ ಅಳೆಯಿಸಿಕೊಂಡು ಬೇರೊಂದು ರಾಜ್ಯದ ಅಕ್ಷರ ಹಚ್ಚಿಕೊಳ್ಳಬೇಕು.